ಮಣ್ಣಿಗೆ ಅಂಟಿದ ಜಾತಿ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ

ಶೃಂಗೇರಿಗೆ ಹೋದವರು ಶಾರದಾಂಬೆಯ ದರ್ಶನ ಮುಗಿಸಿ, ವಿದ್ಯಾಶಂಕರ ದೇವಾಲಯದ ರಾಶಿಕಂಬಗಳನ್ನು ನೋಡಿ, ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಬಸ್ಸು ಹತ್ತುತ್ತಾರೆ. ಪೇಟೆಯ ನಡುವೆಯೇ ಇರುವ ಪಾರ್ಶ್ವನಾಥ ಬಸದಿಯ ಕಡೆ ಹೋಗುವವರು ಕಡಿಮೆ. ಅದು 12ನೇ ಶತಮಾನದ್ದು, ಮಾರಿಸೆಟ್ಟಿ ಎಂಬ ವರ್ತಕನ ನೆನಪಿಗೆ ಕಟ್ಟಿಸಿದ್ದು. ವಿಜಯನಗರದ ಹರಿಹರ, ಬುಕ್ಕರು ಇಲ್ಲಿಗೆ ಬರುವುದಕ್ಕೆ ಬಹಳ ಮೊದಲೇ ಈ ಕಣಿವೆಯಲ್ಲಿ ಕಲ್ಲಿನ ಗುಡಿ ಕಟ್ಟಿಸುವಷ್ಟು ಹಣವಿದ್ದ ಜೈನ ವ್ಯಾಪಾರಿಗಳಿದ್ದರು ಎಂಬುದಕ್ಕೆ ಈ ಬಸದಿಯೇ ಸಾಕ್ಷಿ.

ಜಾತಿಯ ಏರ್ಪಾಡು ಅನಾದಿಯಿಂದ ಹೀಗೇ ಇತ್ತು ಎಂದು ನಂಬುವವರಿಗೆ ಈ ಬಸದಿ ಸಣ್ಣದೊಂದು ತಕರಾರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ಇಂದು ಒಂದೇ ವಿಧಾನಸಭಾ ಕ್ಷೇತ್ರ. ಇಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ಶಾಸ್ತ್ರಗಳು ಹೇಳಿದ್ದೇನೋ ನಿಜ. ಆದರೆ ಆ ಮಾತಿಗೆ ಬಲ ಬಂದದ್ದು ಭೂಮಿಯಿಂದ. ತೋಟ ಯಾರದು, ಗದ್ದೆ ಯಾರದು, ಅದರಲ್ಲಿ ದುಡಿಯುವವರು ಯಾರವರು ಎಂಬ ಮೂರು ಪ್ರಶ್ನೆಗಳಿಗೆ ಸಿಕ್ಕ ಉತ್ತರವೇ ಇಲ್ಲಿನ ಜಾತಿಯ ಚರಿತ್ರೆ.

ದಾನದ ಮಣ್ಣು

1346ರಲ್ಲಿ ವಿಜಯನಗರದ ಮೊದಲ ಹರಿಹರ ತನ್ನ ಸಹೋದರರೊಡನೆ ಶೃಂಗೇರಿಗೆ ಬಂದು ಅಲ್ಲಿನ ಮಠದ ಗುರು ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಊರುಗಳನ್ನು ದಾನ ಕೊಟ್ಟ. ರಾಜ್ಯ ಕಟ್ಟಿದ ಸಂಭ್ರಮ ಹೊಸದಾಗಿದ್ದ ಕಾಲ ಅದು. ಮುಂದೆ 1386ರಲ್ಲಿ ಅದೇ ಮಠದ ಗುರು ವಿದ್ಯಾರಣ್ಯರು ತೀರಿಕೊಂಡಾಗ ಇಮ್ಮಡಿ ಹರಿಹರ ಅವರ ಹೆಸರಿನಲ್ಲಿ ವಿದ್ಯಾರಣ್ಯಪುರವೆಂಬ ಅಗ್ರಹಾರವನ್ನೇ ಬಿಡಿಸಿದ. ಆ ಊರು ಇವತ್ತಿಗೂ ಅದೇ ಹೆಸರಿನಿಂದ ಇದೆ.

ಇಂಥ ದಾನಶಾಸನಗಳ ಧಾಟಿ ಸುಮಾರಾಗಿ ಒಂದೇ. ದಾನ ಪಡೆದ ಬ್ರಾಹ್ಮಣರ ಹೆಸರು, ಗೋತ್ರ, ಸೂತ್ರ, ಶಾಖೆ, ಯಾರಿಗೆ ಎಷ್ಟು ವೃತ್ತಿ ಎಂಬ ಲೆಕ್ಕ ಮೊದಲು ಬರುತ್ತದೆ. ಆಮೇಲೆ ಗಡಿ: ಮೂಡಲಿಗೆ ಯಾವ ಹಳ್ಳ, ಪಡುವಲಿಗೆ ಯಾವ ಗುಡ್ಡ, ಯಾವ ಮರ, ಯಾವ ನಟ್ಟ ಕಲ್ಲು. ಆ ಗಡಿಯೊಳಗಿನ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಎಂಟೂ ಭೋಗಗಳು ಸೂರ್ಯಚಂದ್ರರಿರುವತನಕ ದಾನ ಪಡೆದವರಿಗೆ ಸಲ್ಲುತ್ತವೆ. ಕೊನೆಯಲ್ಲಿ ಶಾಪ. ದಾನವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ.

ಹೀಗೆ ಹಳ್ಳದ ಹೆಸರು, ಮರದ ಹೆಸರು ಕಲ್ಲಿಗೂ ತಾಮ್ರಕ್ಕೂ ಏರಿತು. ಆ ನೆಲವನ್ನು ಉತ್ತು ನಾಟಿ ಮಾಡುತ್ತಿದ್ದವರ ಹೆಸರನ್ನು ಬರೆಯಬೇಕೆಂದು ಯಾರಿಗೂ ಅನಿಸಲಿಲ್ಲ. ಬರೆಸಿಕೊಂಡವರು ಒಡೆಯರಾದರು, ಉಳಿದವರು ಒಕ್ಕಲಾದರು, ಒಕ್ಕಲೂ ಆಗದವರು ಆಳಾದರು. ದಾಖಲೆಯಲ್ಲಿ ಹೆಸರಿಲ್ಲದವನಿಗೆ ಹಕ್ಕಿಲ್ಲ ಎಂಬ ಈ ನಿಯಮ 14ನೇ ಶತಮಾನದಲ್ಲಿ ಶುರುವಾಗಿ 20ನೇ ಶತಮಾನದ ಕೊನೆಯವರೆಗೂ ಬೇರೆ ಬೇರೆ ವೇಷದಲ್ಲಿ ಬಂದದ್ದನ್ನು ಮುಂದೆ ನೋಡುತ್ತೇವೆ.

ಮೂರು ಗುರುಪೀಠಗಳ ನೆರೆ

ಈ ಸೀಮೆಯ ವಿಶೇಷವೆಂದರೆ ಒಂದಕ್ಕೊಂದು ನೆರೆಯಾಗಿ ಮೂರು ಮತಗಳ ಗುರುಪೀಠಗಳು ಇರುವುದು. ತುಂಗೆಯ ದಡದಲ್ಲಿ ಸ್ಮಾರ್ತರ ಶೃಂಗೇರಿ. ಭದ್ರೆಯ ದಡದಲ್ಲಿ, ನರಸಿಂಹರಾಜಪುರ ತಾಲೂಕಿನ ಬಾಳೆಹೊನ್ನೂರಿನಲ್ಲಿ, ವೀರಶೈವ ಪಂಚಪೀಠಗಳಲ್ಲಿ ಒಂದಾದ ರಂಭಾಪುರಿ ಪೀಠ. ಹಿಂದೆ ಎಡೇಹಳ್ಳಿ ಎನಿಸಿಕೊಂಡಿದ್ದು, ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಪಡೆದ ನರಸಿಂಹರಾಜಪುರದ ಬಳಿ ಸಿಂಹನಗದ್ದೆಯ ಜೈನ ಬಸ್ತಿಮಠ, ಅಲ್ಲಿ ಜ್ವಾಲಾಮಾಲಿನಿ ದೇವಿ.

ವಿಜಯನಗರದ ಬಲ ಕುಗ್ಗಿದ ಮೇಲೆ ಈ ಮಲೆಯನ್ನು ಆಳಿದವರು ಕೆಳದಿಯ ನಾಯಕರು. ಅವರು ವೀರಶೈವರು. ಆದರೂ ಶೃಂಗೇರಿಗೆ ನಡೆದುಕೊಂಡರು, ದತ್ತಿ ಕೊಟ್ಟರು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಜಾರಿಗೆ ತಂದ ‘ಶಿಸ್ತು’ ಎಂಬ ಕಂದಾಯದ ಕಟ್ಟಳೆ ಮಲೆನಾಡಿನಲ್ಲಿ ಇಂದಿಗೂ ಮಾತಿನಲ್ಲಿದೆ. ಆ ಶಿಸ್ತಿನಲ್ಲಿ ಗದ್ದೆಗಳಿಗೆ ಐದು ತರ: ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ. ಬೆಳೆಯ ಮೂರರಲ್ಲೊಂದು ಪಾಲು ಅರಮನೆಗೆ. ಅಡಿಕೆ ತೋಟಕ್ಕೆ ಮಾತ್ರ ಸಾವಿರ ಮರದ ಲೆಕ್ಕದಲ್ಲಿ ಬೇರೆ ಕಂದಾಯ. ಮಣ್ಣನ್ನು ಇಷ್ಟು ನಾಜೂಕಾಗಿ ಅಳೆದ ಆಡಳಿತ ದುಡಿಮೆಯನ್ನು ಅಳೆಯಲಿಲ್ಲ. ಗೇಣಿ ಕೊಟ್ಟು ಒಕ್ಕಲಿನ ಕೈಯಲ್ಲಿ ಎಷ್ಟು ಉಳಿಯಿತು, ಆಳಿನ ಹೊಟ್ಟೆಗೆ ಎಷ್ಟು ಹೋಯಿತು ಎಂಬುದು ಒಡೆಯನಿಗೆ ಬಿಟ್ಟ ವಿಷಯ.

1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಹೈದರಾಲಿಯ ವಶವಾಯಿತು. 1791ರಲ್ಲಿ ಮರಾಠಾ ಪಡೆಯವರು ಶೃಂಗೇರಿಯನ್ನು ಲೂಟಿ ಮಾಡಿ ಶಾರದೆಯ ಮೂರ್ತಿಯನ್ನೂ ಬಿಡದೆ ಕೆಡವಿದಾಗ, ಮಠಕ್ಕೆ ನೆರವು ಕಳಿಸಿದವನು ಟಿಪ್ಪು ಸುಲ್ತಾನ್. ದೇವಿಯ ಪುನಃಪ್ರತಿಷ್ಠೆಗೆ ನಗದು, ಧಾನ್ಯ ಕೊಡುವಂತೆ ಬಿದನೂರಿನಲ್ಲಿದ್ದ ತನ್ನ ಅಧಿಕಾರಿ ಅಸಫನಿಗೆ ಅವನು ಆಜ್ಞೆ ಮಾಡಿದ. ಅವನು ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳು 1916ರಲ್ಲಿ ಮಠದಲ್ಲಿ ಬೆಳಕಿಗೆ ಬಂದವು. ಅರಸರ ಮತ ಬದಲಾಯಿತು, ಅರಮನೆ ಬದಲಾಯಿತು. ಮಠದ ಮಾನ್ಯ, ಅಗ್ರಹಾರದ ವೃತ್ತಿ, ಒಕ್ಕಲಿನ ಗೇಣಿ, ಆಳಿನ ದುಡಿತ ಎಂಬ ಸಾಲು ಬದಲಾಗಲಿಲ್ಲ. ಯಾವ ಅರಸನಿಗೂ ಅದನ್ನು ಅಲುಗಾಡಿಸುವ ಅಗತ್ಯ ಕಾಣಲಿಲ್ಲ, ಏಕೆಂದರೆ ಕಂದಾಯ ಬರುತ್ತಿದ್ದದ್ದೇ ಆ ಸಾಲಿನ ಮೂಲಕ.

ಮೇಲಿನವರ ನಡುವೆ ಜಗಳವೇ ಇರಲಿಲ್ಲವೆಂದಲ್ಲ. ಪಲ್ಲಕ್ಕಿಯನ್ನು ದಾರಿಗೆ ಅಡ್ಡಲಾಗಿ ಹೊರಿಸಿಕೊಂಡು ಹೋಗುವ ಅಡ್ಡಪಲ್ಲಕ್ಕಿಯ ಗೌರವ ಯಾರಿಗೆ ಸಲ್ಲಬೇಕು ಎಂಬುದು ಕನ್ನಡ ನಾಡಿನಲ್ಲಿ ದೊಡ್ಡ ವ್ಯಾಜ್ಯವೇ ಆಗಿತ್ತು. ದಾರಿಗೆ ಅಡ್ಡಲಾಗಿ ಪಲ್ಲಕ್ಕಿ ಬಂದರೆ ಎದುರಿನವರು ಬದಿಗೆ ಸರಿಯಲೇಬೇಕಲ್ಲ, ಗೌರವದ ಗುಟ್ಟು ಅಲ್ಲೇ ಇತ್ತು. ಬೊಂಬಾಯಿ ಪ್ರಾಂತ್ಯದ ಕಡೆ ಒಬ್ಬ ಸ್ಮಾರ್ತ ಸ್ವಾಮಿಗೂ ಲಿಂಗಾಯತ ಗುರುವಿಗೂ ಇದೇ ವಿಷಯಕ್ಕೆ ನಡೆದ ಮೊಕದ್ದಮೆ 1843ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಕಟ್ಟೆ ಹತ್ತಿತು. ಪಲ್ಲಕ್ಕಿ ಅಡ್ಡವೋ ಉದ್ದವೋ ಎಂದು ದೊರೆಗಳ ನಾಡಿನವರೆಗೆ ವಾದ ಹೋಯಿತು. ಪಲ್ಲಕ್ಕಿ ಹೊತ್ತವರ ಹೆಗಲಿನ ಬಗ್ಗೆ ಯಾವ ಕೋರ್ಟಿನಲ್ಲೂ ವಾದ ನಡೆಯಲಿಲ್ಲ.

ಹೆಬ್ಬಾಗಿಲಿನಿಂದ ಕೇರಿಯವರೆಗೆ

ಬಯಲುಸೀಮೆಯ ಹಾಗೆ ಇಲ್ಲಿ ಊರೆಂದರೆ ಒತ್ತಾಗಿ ಕಟ್ಟಿದ ಮನೆಗಳ ಗುಂಪಲ್ಲ. ಒಂದು ಕಣಿವೆಗೆ ಒಂದು ಮನೆ. ಮನೆಯ ಕೆಳಗೆ ತೋಟ, ತೋಟದಾಚೆ ಗದ್ದೆ, ಹಿಂದೆ ಸೊಪ್ಪಿನಬೆಟ್ಟ, ಅದರ ಮೇಲೆ ಕಾನು. ಮುಂದಿನ ಮನೆ ಕಾಣಬೇಕಾದರೆ ಗುಡ್ಡ ಹತ್ತಿ ಇಳಿಯಬೇಕು. ಸ್ಮಾರ್ತರು, ಹವ್ಯಕರು, ಗೌಡ, ಹೆಗ್ಗಡೆ ಎನಿಸಿಕೊಂಡ ಒಕ್ಕಲಿಗರು, ಲಿಂಗಾಯತರು, ಜೈನರು ಇಂಥ ಮನೆಗಳ ಯಜಮಾನರು. ಹಳೇಪೈಕರು, ಬಿಲ್ಲವರು, ಆಚಾರಿಗಳು, ಮಡಿವಾಳರು, ಕುಂಬಾರರು ಸುತ್ತಮುತ್ತ. ಎಲ್ಲರಿಗಿಂತ ದೂರದಲ್ಲಿ, ಸಾಮಾನ್ಯವಾಗಿ ಗದ್ದೆಯ ಕೊನೆಯಲ್ಲೋ ಕಾಡಿನ ಅಂಚಿನಲ್ಲೋ, ಹೊಲೆಯರ ಕೇರಿ, ಹಸಲರ ಬಿಡಾರ.

ಮನೆಯ ನಕ್ಷೆಯೇ ಜಾತಿಯ ನಕ್ಷೆ. ಉಣುಗೋಲು ದಾಟಿದರೆ ಅಂಗಳ, ಅಂಗಳ ಏರಿದರೆ ಜಗಲಿ, ಜಗಲಿ ದಾಟಿದರೆ ಹೆಬ್ಬಾಗಿಲು, ಒಳಗೆ ನಡುಮನೆ, ಅಡುಗೆಮನೆ, ದೇವರಮನೆ. ಯಾರು ಯಾವ ಮೆಟ್ಟಿಲಿಗೆ ನಿಲ್ಲಬೇಕೆಂದು ಹೇಳಿಕೊಡಬೇಕಾಗಿಯೇ ಇರಲಿಲ್ಲ, ಕಾಲಿಗೇ ಗೊತ್ತಿತ್ತು. ದಲಿತ ಆಳು ಅಂಗಳದ ಆಚೆಯ ಅಂಚಿಗೆ ನಿಂತು ‘ಅಯ್ಯಾ’ ಎಂದು ಕೂಗಬೇಕು. ಹತ್ತು ವರ್ಷದ ಹುಡುಗ ಹೊರಗೆ ಬಂದರೂ ಅವನು ‘ಸಣ್ಣಯ್ಯ’. ಆ ಸಣ್ಣಯ್ಯ ಅರವತ್ತು ದಾಟಿದ ಆಳನ್ನು ‘ಏನೋ’ ಎಂದು ಮಾತಾಡಿಸಿದರೆ ಯಾರಿಗೂ ಏನೂ ಅನಿಸುತ್ತಿರಲಿಲ್ಲ. ಗಂಜಿಯೋ ಕಾಫಿಯೋ ಕೊಡುವಾಗ ತೆಂಗಿನ ಕರಟ ಅಥವಾ ಅಡಿಕೆ ಹಾಳೆಯ ಕೊಟ್ಟೆ, ಅದೂ ಮೇಲಿನಿಂದ ಹೊಯ್ಯುವುದು.

ಅಡಿಕೆ ಕೊಯ್ಲಿನ ಕಾಲದಲ್ಲಿ ಈ ಏರ್ಪಾಡಿನ ಒಳಗುಟ್ಟು ಚೆನ್ನಾಗಿ ಕಾಣುತ್ತಿತ್ತು. ಕೊನೆಗಾರ ಮರ ಹತ್ತಿ ಕೊನೆ ಕೊಯ್ದು ಹಗ್ಗದ ಮೇಲೆ ಜಾರಿ ಬಿಡುತ್ತಾನೆ, ಕೆಳಗೆ ಒಬ್ಬ ಹಿಡಿಯುತ್ತಾನೆ, ಹೆಂಗಸರು ಉದುರು ಹೆಕ್ಕುತ್ತಾರೆ. ಕೊನೆಗಳ ಹೊರೆ ಅಂಗಳಕ್ಕೆ ಬಂದು ಬೀಳುತ್ತದೆ. ರಾತ್ರಿ ಲಾಟೀನು ಹಚ್ಚಿಕೊಂಡು ಮೆಟ್ಟುಕತ್ತಿಯ ಮುಂದೆ ಕೂತು ಸುಲಿಯುವುದು ಶುರು. ಸುಲಿದ ಅಡಿಕೆಯನ್ನು ಚೊಗರು ಹಾಕಿ ಹಂಡೆಯಲ್ಲಿ ಬೇಯಿಸಿ ಚಪ್ಪರದ ಮೇಲೆ ಹರವುತ್ತಾರೆ. ಮರದಿಂದ ಚಪ್ಪರದವರೆಗೆ ಎಷ್ಟು ಕೈಗಳು ಮುಟ್ಟಿದವೋ ಲೆಕ್ಕವಿಲ್ಲ. ಅದೇ ಅಡಿಕೆ ದೇವರ ತಾಂಬೂಲಕ್ಕೂ ಮದುವೆಯ ತಟ್ಟೆಗೂ ಹೋಗುತ್ತದೆ. ಅದೇ ಕೈಗಳು ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಪೇಟೆಯಲ್ಲಿ ದುಡ್ಡಾಗುವ ಸರಕಿಗೆ ಮೈಲಿಗೆಯಿಲ್ಲ, ದುಡಿದವನ ಬಾಯಾರಿಕೆಗೆ ಇತ್ತು.

ಬಿ.ಎಲ್. ರೈಸ್ ಸಂಪಾದಿಸಿದ ಮೈಸೂರು ಗೆಜೆಟಿಯರ್ ಮಲೆನಾಡಿನ ಹೊಲೆಯರ ಬಗ್ಗೆ ಬರೆಯುವಾಗ ಬಯಲುಸೀಮೆಗೂ ಇಲ್ಲಿಗೂ ಇದ್ದ ವ್ಯತ್ಯಾಸವನ್ನು ನೇರವಾಗಿ ಗುರುತಿಸುತ್ತದೆ. ಇಲ್ಲಿ ಅವರು ಗುಲಾಮರು, ಅವರಲ್ಲಿ ಎರಡು ಬಗೆ. ಒಡೆಯನ ಮನೆಯಲ್ಲೇ ಹುಟ್ಟಿ ವಂಶಪಾರಂಪರ್ಯವಾಗಿ ಅಲ್ಲೇ ದುಡಿಯುವವನು ಹುಟ್ಟಾಳು. ಜಮೀನಿನ ಜೊತೆಗೆ ಸೇರಿಕೊಂಡವನು ಮಣ್ಣಾಳು, ಜಮೀನು ಮಾರಿದರೆ ಅದರೊಂದಿಗೆ ಅವನೂ ಹೊಸ ಒಡೆಯನ ಪಾಲು. ಗದ್ದೆ, ಎತ್ತು, ನೇಗಿಲಿನ ಜೊತೆಗೆ ಮನುಷ್ಯನೂ ಒಂದು ಬಾಬ್ತು.

1843ರ ಕಾಯ್ದೆಯಿಂದ ಕಂಪನಿ ಸರ್ಕಾರದ ಕೋರ್ಟುಗಳು ಗುಲಾಮಗಿರಿಯನ್ನು ಮಾನ್ಯ ಮಾಡುವುದನ್ನು ನಿಲ್ಲಿಸಿದವು. 1860ರ ದಂಡಸಂಹಿತೆ ಅದನ್ನು ಅಪರಾಧವಾಗಿಸಿತು. ಆಮೇಲೆ ಆಳನ್ನು ಮಾರುವಂತಿರಲಿಲ್ಲ. ಆದರೆ ಸಾಲದಲ್ಲಿ ಕಟ್ಟಿಹಾಕಲು ಅಡ್ಡಿಯಿರಲಿಲ್ಲ. ಆಳಿನ ಮದುವೆಯ ಖರ್ಚು ಒಡೆಯನದು. ಸೀರೆ, ಕಂಬಳಿ, ಅಕ್ಕಿ, ಸ್ವಲ್ಪ ನಗದು. ಆ ಸಾಲ ತೀರುವವರೆಗೆ ಗಂಡ ಹೆಂಡಿರು ಆ ಮನೆಯವರು. ಕೂಲಿ ಭತ್ತದಲ್ಲಿ, ಲೆಕ್ಕ ಒಡೆಯನ ಪುಸ್ತಕದಲ್ಲಿ, ಓದಲು ಬಾರದವನು ಅದಕ್ಕೆ ಹೆಬ್ಬೆಟ್ಟಿನ ಒಪ್ಪಿಗೆ ಕೊಡಬೇಕು. ಸಾಲ ತೀರುವ ಹೊತ್ತಿಗೆ ಮಗನ ಮದುವೆ ಬರುತ್ತಿತ್ತು. ಗುಲಾಮಗಿರಿ ಹೋಯಿತು, ಜೀತ ಉಳಿಯಿತು.

ಕಾಫಿಯ ಗಾಳಿ

19ನೇ ಶತಮಾನದಲ್ಲಿ ಮಲೆಗಳಲ್ಲಿ ಕಾಫಿ ತೋಟಗಳು ಎದ್ದವು. ಎಲೆ ರೋಗದ ಕಾಟ ಜೋರಾದಾಗ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕ ಬಂತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಸರ್ಕಾರ ಕಾಫಿ ಪ್ರಯೋಗ ಕೇಂದ್ರವನ್ನೇ ತೆರೆಯಿತು. ಅದೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ.

ಕಾಫಿ ತೋಟ ಜಾತಿ ನಿರ್ಮೂಲನೆಗೆಂದು ಬಂದದ್ದಲ್ಲ. ಅಲ್ಲಿನ ಮುಂಗಡ, ಮೇಸ್ತ್ರಿ, ಲೈನ್ ಮನೆ ಬೇರೆಯದೇ ಕಟ್ಟು. ಮುಂಗಡ ಪಡೆದು ಓಡಿಹೋದ ಕೂಲಿಯನ್ನು ಶಿಕ್ಷಿಸಲು ಕಾನೂನೂ ಇತ್ತು. ಆದರೂ ಒಂದು ಹೊಸ ಸಂಗತಿ ನಡೆಯಿತು. ಹುಟ್ಟಿದ ಮನೆ ಬಿಟ್ಟರೆ ಬೇರೆ ಗತಿಯಿಲ್ಲ ಎಂದುಕೊಂಡಿದ್ದವನಿಗೆ ಗುಡ್ಡದಾಚೆ ನಗದು ಕೂಲಿ ಕೊಡುವ ಇನ್ನೊಂದು ಜಾಗ ಕಂಡಿತು. ಘಟ್ಟದ ಕೆಳಗಿನಿಂದ ತುಳು ಮಾತಾಡುವವರು, ತಮಿಳು ಸೀಮೆಯವರು ಬಂದು ಅದೇ ಲೈನಿನಲ್ಲಿ ನೆಲೆಸಿದರು. ಒಂದೇ ಸೂರಿನ ಸಾಲಿನಲ್ಲಿ, ಒಂದೇ ನೀರಿನ ತೊಟ್ಟಿಯ ಮುಂದೆ, ಅಂಗಳ ಜಗಲಿಯ ಹಳೆ ಲೆಕ್ಕ ಪೂರ್ತಿ ನಡೆಯಲಿಲ್ಲ. ಒಡೆಯನ ಹಂಗಿಲ್ಲದೆ ಕೂಲಿ ಸಿಗುತ್ತದೆ ಎಂಬ ಒಂದೇ ತಿಳಿವಳಿಕೆ ಜೀತದ ಬುಡ ಸಡಿಲ ಮಾಡಲು ಸಾಕಾಗಿತ್ತು.

ನಡುವಿನವರು ಎದ್ದ ಕಾಲ

ಇದೇ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಬ್ರಾಹ್ಮಣೇತರರು ಸಂಘಟಿತರಾಗತೊಡಗಿದರು. 1906ರಲ್ಲಿ ಒಕ್ಕಲಿಗರ ಸಂಘ, 1917ರಲ್ಲಿ ಪ್ರಜಾಮಿತ್ರ ಮಂಡಳಿ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಅದರ ಶಿಫಾರಸಿನ ಮೇಲೆ 1921ರಲ್ಲಿ ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಆಜ್ಞೆ ಹೊರಟಿತು. ಸರ್ಕಾರಿ ಶಾಲೆಗಳಲ್ಲಿ ಪಂಚಮರು ಎಂದು ಕರೆಸಿಕೊಳ್ಳುತ್ತಿದ್ದ ದಲಿತರ ಮಕ್ಕಳನ್ನೂ ಸೇರಿಸಿಕೊಳ್ಳಬೇಕು ಎಂದಾಗ ಸಂಸ್ಥಾನದ ಹಲವೆಡೆ ಮೇಲ್ಜಾತಿಯ ತಂದೆತಾಯಂದಿರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿ ಮನೆಗೆ ಕರೆದುಕೊಂಡು ಹೋದರು. ಸರ್ಕಾರ ಹಿಂದೆ ಸರಿಯಲಿಲ್ಲ.

ಈ ಏಳುವ ಕಾಲದ ಒಳಮನಸ್ಸನ್ನು ಕನ್ನಡಕ್ಕೆ ತಂದವರು ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ಹುಟ್ಟಿದ ಕುವೆಂಪು. ಅದು ಅವರ ತಾಯಿಯ ತವರು. ಬೆಳೆದದ್ದು ನೆರೆಯ ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯ ಒಕ್ಕಲಿಗ ಮನೆಯಲ್ಲಿ. 1928ರ ‘ಜಲಗಾರ’ ನಾಟಕದಲ್ಲಿ ಶಿವ ಪ್ರತ್ಯಕ್ಷನಾಗುವುದು ಬೀದಿ ಗುಡಿಸುವವನಿಗೆ. 1944ರ ‘ಶೂದ್ರ ತಪಸ್ವಿ’ ಶಂಬೂಕನ ಕಥೆಯನ್ನು ಬೇರೆ ಕಡೆಯಿಂದ ಕಂಡು ದೊಡ್ಡ ಚರ್ಚೆ ಎಬ್ಬಿಸಿತು. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಅವರು ನಾಯಿಗುತ್ತಿ ಎಂಬ ದಲಿತ ಆಳನ್ನು, ಅವನ ಪ್ರೇಮವನ್ನು, ಅವನ ನಾಯಿ ಹುಲಿಯನನ್ನು ಯಾವ ಹೆಗ್ಗಡೆಗೂ ಕಡಿಮೆಯಿಲ್ಲದ ಘನತೆಯಲ್ಲಿ ತಂದು ನಿಲ್ಲಿಸಿದರು.

ಒಕ್ಕಲಿಗ ಮನೆಯಲ್ಲಿ ಹುಟ್ಟಿದ ಕುವೆಂಪು ತಮ್ಮವರನ್ನೂ ಬಿಡದೆ ನೋಡಿದ್ದು ಇಲ್ಲಿ ಮುಖ್ಯ. ಪುರೋಹಿತನ ಮುಂದೆ ಕೈಕಟ್ಟಿ ನಿಲ್ಲುವ ಗೌಡ, ತನ್ನ ಅಂಗಳದಲ್ಲಿ ಆಳಿನ ಬೆನ್ನ ಮೇಲೆ ಬಾರುಕೋಲು ಎತ್ತುವವನೂ ಹೌದು. ನಡುವಿನ ಮೆಟ್ಟಿಲಿನವರಿಗೆ ಮೇಲೆ ನೋಡಿದಾಗ ಅನ್ಯಾಯ ಕಾಣುತ್ತದೆ, ಕೆಳಗೆ ನೋಡಿದಾಗ ರೂಢಿ ಕಾಣುತ್ತದೆ. ಇಡೀ ವ್ಯವಸ್ಥೆ ನಿಂತಿದ್ದದ್ದು ಈ ಎರಡು ಕಣ್ಣಿನ ನೋಟದ ಮೇಲೆ.

ಅಗ್ರಹಾರವನ್ನು ಒಳಗಿನಿಂದ ನೋಡಿದವರು ತೀರ್ಥಹಳ್ಳಿ ತಾಲೂಕಿನ ಮೇಳಿಗೆಯ ಯು.ಆರ್. ಅನಂತಮೂರ್ತಿ. 1965ರ ‘ಸಂಸ್ಕಾರ’ದಲ್ಲಿ ಆಚಾರ ಬಿಟ್ಟ ಬ್ರಾಹ್ಮಣನೊಬ್ಬನ ಹೆಣ ಕೊಳೆಯುತ್ತಿದ್ದರೂ ಸಂಸ್ಕಾರ ಯಾರು ಮಾಡಬೇಕೆಂಬುದು ತೀರ್ಮಾನವಾಗುವುದಿಲ್ಲ. ಪಟ್ಟಾಭಿರಾಮ ರೆಡ್ಡಿ ಅದನ್ನು ಸಿನಿಮಾ ಮಾಡಿದಾಗ ಚಿತ್ರೀಕರಣ ನಡೆದದ್ದು ಶೃಂಗೇರಿ ಸಮೀಪದ ವೈಕುಂಠಪುರದಲ್ಲಿ. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಪಿ. ಲಂಕೇಶರು ನಾರಣಪ್ಪ, ಸ್ನೇಹಲತಾ ರೆಡ್ಡಿ ಚಂದ್ರಿ. ಜಾತಿ ದ್ವೇಷ ಕೆರಳೀತು ಎಂಬ ಹೆದರಿಕೆಯಿಂದ ಸೆನ್ಸಾರಿನವರು ಮೊದಲು ತಡೆದರು, ಮೇಲ್ಮನವಿಯ ಬಳಿಕ ಬಿಟ್ಟರು. 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಶೃಂಗೇರಿಯ ಸುತ್ತಿನ ಅಗ್ರಹಾರಗಳಿಗೆ ಆ ಹೊತ್ತಿಗೆ ನಿಜವಾದ ಪೆಟ್ಟು ಬರಲಿದ್ದದ್ದು ಮಾತ್ರ ಸಿನಿಮಾದಿಂದ ಅಲ್ಲ, ಬೆಂಗಳೂರಿನ ಕಂದಾಯ ಇಲಾಖೆಯಿಂದ.

ಗೇಣಿ ಮುರಿದದ್ದು

ಗೇಣಿಯ ವಿರುದ್ಧದ ಕಿಚ್ಚು ಮೊದಲು ಹೊತ್ತಿಕೊಂಡದ್ದು ಸಾಗರ ತಾಲೂಕಿನ ಕಾಗೋಡಿನಲ್ಲಿ, 1951ರಲ್ಲಿ. ಅಲ್ಲಿ ಒಡೆಯರು ಲಿಂಗಾಯತರು, ಗೇಣಿದಾರರು ದೀವರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಜಗಳದ ಬೀಜ. ಎಚ್. ಗಣಪತಿಯಪ್ಪ ರೈತರನ್ನು ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷದ ಬಲ ತಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಸುದ್ದಿ ಮಲೆನಾಡಿನ ಎಲ್ಲ ಗೇಣಿದಾರರ ಮನೆ ಮುಟ್ಟಿತು.

ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪನವರು ಕಂದಾಯ ಸಚಿವರಾಗಿದ್ದಾಗ 1952ರ ಟೆನೆನ್ಸಿ ಕಾಯ್ದೆ ಜಾರಿಗೆ ತಂದರು. ಇನಾಂ ರದ್ದತಿಯ ಕಾಯ್ದೆಗಳೂ ಆ ಕಾಲದವೇ, 1954ರಲ್ಲಿ ವೈಯಕ್ತಿಕ ಇನಾಂಗಳದ್ದು, 1955ರಲ್ಲಿ ಧಾರ್ಮಿಕ ಇನಾಂಗಳದ್ದು. ಶೃಂಗೇರಿ ಅಲ್ಲಿಯವರೆಗೆ ಮಠದ ಜಹಗೀರು. ಆರುನೂರು ವರ್ಷಗಳ ಹಿಂದೆ ಸೂರ್ಯಚಂದ್ರರಿರುವತನಕ ಎಂದು ಬರೆಸಿಕೊಂಡದ್ದು ಇನಾಂ ರದ್ದತಿಯೊಂದಿಗೆ ಮುಗಿಯಿತು. ಗುರುಗಳ ಗೌರವ ಉಳಿಯಿತು, ಊರಿನ ಕಂದಾಯ ಸರ್ಕಾರಕ್ಕೆ ಹೋಯಿತು.

ಆದರೂ ಗೇಣಿ ಬೇರು ಸಮೇತ ಕಿತ್ತುಬಂದದ್ದು ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ. 1961ರ ಭೂಸುಧಾರಣಾ ಕಾಯ್ದೆಗೆ ಅವರು ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಆ ದಿನ ಗೇಣಿಯಲ್ಲಿದ್ದ ಜಮೀನೆಲ್ಲ ಕಾನೂನಿನ ಪ್ರಕಾರ ಸರ್ಕಾರದ್ದಾಯಿತು. ಉಳುತ್ತಿದ್ದವನು ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರೆ ಸ್ವಾಧೀನದ ಹಕ್ಕು ಅವನದು.

ಮಂಡಳಿಯ ರಚನೆಯೇ ಹೊಸದಾಗಿತ್ತು. ಅಧ್ಯಕ್ಷರು ಉಪವಿಭಾಗಾಧಿಕಾರಿ, ಸದಸ್ಯರು ಸರ್ಕಾರ ನೇಮಿಸಿದ ಸ್ಥಳೀಯರು, ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿಲ್ಲ. ಕೋರ್ಟು ಕಚೇರಿ ಬಲ್ಲ ಒಡೆಯನೂ, ಗದ್ದೆಯಿಂದ ನೇರ ಎದ್ದು ಬಂದ ಗೇಣಿದಾರನೂ ಒಂದೇ ಮೇಜಿನ ಮುಂದೆ ತಮ್ಮ ಬಾಯಲ್ಲೇ ಹೇಳಬೇಕು. ಗೇಣಿ ಚೀಟಿ ಇಲ್ಲದವನಿಗೆ ಪಕ್ಕದ ಗದ್ದೆಯವನ ಸಾಕ್ಷಿ ಸಾಕು. ಜಗಲಿ ಹತ್ತದವರು ಒಡೆಯನ ಮುಖಕ್ಕೆ ಮುಖ ಕೊಟ್ಟು ‘ಈ ಗದ್ದೆ ಉತ್ತವನು ನಾನು’ ಎಂದು ಹೇಳಿದ್ದು ಈ ಮಲೆಗಳಲ್ಲಿ ಹಿಂದೆಂದೂ ಇರಲಿಲ್ಲ. ಅರ್ಜಿಗೆ 1979ರ ಜೂನ್ 30ರವರೆಗೆ ಗಡುವು ಮುಂದುವರಿಯಿತು.

ಪರಿಣಾಮ ಒಂದೇ ತಲೆಮಾರಿನಲ್ಲಿ ಕಂಡಿತು. ಗೇಣಿಯನ್ನೇ ನಂಬಿದ್ದ ಅಗ್ರಹಾರಗಳ ಮನೆಗಳಿಗೆ ಬೀಗ ಬಿತ್ತು. ಮಕ್ಕಳು ಓದಿ ಬೆಂಗಳೂರು, ಮೈಸೂರು, ಇನ್ನೂ ಆಚೆ ಹೋದರು. ಸ್ವಂತ ದುಡಿಮೆಯಿಂದ ತೋಟ ಮಾಡಿಸುತ್ತಿದ್ದವರು ಉಳಿದುಕೊಂಡರು. ಗೇಣಿದಾರರಾಗಿದ್ದ ಒಕ್ಕಲಿಗರು, ಈಡಿಗರು, ಬಿಲ್ಲವರು ಪಹಣಿಯಲ್ಲಿ ಹೆಸರು ಕಂಡರು. ಗದ್ದೆಯ ಬದಿಗೆ ಅಡಿಕೆ ಸಸಿ ಬಂತು, ಮನೆಗೆ ಹಂಚು ಬಂತು, ಮಗ ಕಾಲೇಜಿಗೆ ಹೋದ.

ಇದರ ರಾಜಕೀಯ ಬೆಲೆ ಏನೆಂದು ದೇಶಕ್ಕೆ ತಿಳಿದದ್ದು 1978ರ ನವೆಂಬರಿನಲ್ಲಿ. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಚಿಕ್ಕಮಗಳೂರು ಲೋಕಸಭಾ ಸ್ಥಾನಕ್ಕೆ ಅರಸರ ಪಕ್ಷದ ಇಂದಿರಾ ಗಾಂಧಿ ನಿಂತು ವೀರೇಂದ್ರ ಪಾಟೀಲರನ್ನು ಸೋಲಿಸಿದರು. ಅಂಗಳದ ಅಂಚಿನಲ್ಲಿ ನಿಲ್ಲುತ್ತಿದ್ದವರ ಓಟಿಗೂ ಜಗಲಿಯವರ ಓಟಿಗೂ ತೂಕ ಒಂದೇ ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. ಮುಂದೆ ಇದೇ ಶೃಂಗೇರಿ ಕ್ಷೇತ್ರದ ಶಾಸಕ ಎಚ್.ಜಿ. ಗೋವಿಂದಗೌಡರು ಶಿಕ್ಷಣ ಸಚಿವರಾಗಿ, ವಶೀಲಿಗೆ ಎಡೆಯಿಲ್ಲದಂತೆ ಅಂಕ ಮತ್ತು ಮೀಸಲಾತಿಯ ಮೇಲೆ ಶಿಕ್ಷಕರನ್ನು ನೇಮಿಸಿ ನಾಡಿನಲ್ಲೆಲ್ಲ ಹೆಸರಾದರು. ಗೇಣಿದಾರನ, ಕೂಲಿಕಾರನ ಮಕ್ಕಳು ಮೇಷ್ಟ್ರಾದದ್ದು ಜಮೀನಿನಷ್ಟೇ ದೊಡ್ಡ ಬದಲಾವಣೆ.

ಫಾರಂ ಮುಟ್ಟದ ಮನೆಗಳು

ಇಲ್ಲಿಗೆ ಕಥೆ ಸುಖಾಂತವಾಗಬಹುದಿತ್ತು. ಆದರೆ ಫಾರಂ 7 ತುಂಬಬೇಕಾದರೆ ಮೊದಲು ಗೇಣಿದಾರನಾಗಿರಬೇಕು. ಹುಟ್ಟಾಳಿನ ಮೊಮ್ಮಕ್ಕಳು ಗೇಣಿದಾರರಲ್ಲ, ಕೂಲಿಯವರು. ಉತ್ತವರು, ನಟ್ಟವರು, ಕೊಯ್ದವರು ಅವರೇ ಆದರೂ ಕಾನೂನಿನ ಕಣ್ಣಿನಲ್ಲಿ ಅವರು ಇನ್ನೊಬ್ಬರ ಪರವಾಗಿ ದುಡಿದವರು. ಹಾಗಾಗಿ ಒಡೆಯನ ಹೆಸರು ಹೋಗಿ ಗೇಣಿದಾರನ ಹೆಸರು ಬಂದಾಗ ಕೇರಿಯವರಿಗೆ ಬದಲಾದದ್ದು ಯಾರ ಗದ್ದೆಗೆ ಹೋಗಬೇಕೆಂಬುದಷ್ಟೇ. ಕೂಲಿಕಾರರು ಗುಡಿಸಲು ಹಾಕಿಕೊಂಡ ಜಾಗವನ್ನು ಅವರಿಗೇ ಕೊಡುವ ಕಲಮು ಕಾಯ್ದೆಯಲ್ಲಿತ್ತು, ಅದು ಮನೆಯ ಅಡಿಪಾಯಕ್ಕಾಯಿತೇ ಹೊರತು ಉಳುವ ನೆಲಕ್ಕಲ್ಲ.

1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂದು, 1976ರಲ್ಲಿ ಅದು ಜೀತಪದ್ಧತಿ ರದ್ದತಿ ಕಾಯ್ದೆಯಾಯಿತು. ಹಳೆಯ ಸಾಲಗಳೆಲ್ಲ ಕಾನೂನಿನಲ್ಲಿ ಮನ್ನಾ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನು ಬೇರೆಯವರ ಪಾಲಾಗದಂತೆ 1978ರಲ್ಲಿ ಇನ್ನೊಂದು ಕಾಯ್ದೆ ಬಂತು. ನರಸಿಂಹರಾಜಪುರದಿಂದ ದೂರವೇನಲ್ಲದ ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಪ್ರೊ. ಬಿ. ಕೃಷ್ಣಪ್ಪ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಕರಟದ ಕಾಫಿ ಕುಡಿಯುವುದಿಲ್ಲ ಎಂದು ಹೇಳುವ ಧೈರ್ಯ ಕೇರಿಗಳಿಗೆ ಬಂದದ್ದು ಆ ಸಂಘಟನೆಯಿಂದ. ಸಮಿತಿಯ ಮೊದಲ ಬೇಡಿಕೆಗಳಲ್ಲೂ ಭೂಮಿಯೇ ಇತ್ತು.

ಭೂಮಿ ಸಿಗುವ ಬದಲು ಕೆಲವರಿಗೆ ಇದ್ದದ್ದೂ ಹೋಗುವ ಹೊತ್ತು ಬಂತು. ಭದ್ರಾ ಅಣೆಕಟ್ಟಿನ ನೀರು ನರಸಿಂಹರಾಜಪುರದ ಕಡೆಯ ಗದ್ದೆಗಳನ್ನು ಮೊದಲೇ ನುಂಗಿತ್ತು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆಯಾದಾಗ ಶೃಂಗೇರಿಯ ಕೆರೆಕಟ್ಟೆ ಮೊದಲಾದ ಕಡೆಯ ಮಲೆಕುಡಿಯರು, ಗೌಡ್ಲುಗಳು ತಲೆತಲಾಂತರದಿಂದ ಇದ್ದ ಜಾಗದಲ್ಲೇ ಒತ್ತುವರಿದಾರರಾದರು. 2000ದ ದಶಕದಲ್ಲಿ ಈ ಕಾಡುಗಳಿಗೆ ನಕ್ಸಲ್ ಚಳವಳಿ ಕಾಲಿಟ್ಟದ್ದು ಆ ಅಸಮಾಧಾನದ ಬೆನ್ನಲ್ಲೇ. ಎರಡು ದಶಕ ಗುಂಡಿನ ಸದ್ದು ಕೇಳಿತು, ಜೀವಗಳು ಹೋದವು. 2025ರ ಜನವರಿಯಲ್ಲಿ ಉಳಿದ ಗುಂಪಿನ ಆರು ಮಂದಿ ಬೆಂಗಳೂರಿನಲ್ಲಿ ಶರಣಾದರು. ಬಂದೂಕು ಕೆಳಗಿಳಿಯಿತು, ಹಕ್ಕುಪತ್ರದ ಪ್ರಶ್ನೆ ಇಳಿಯಲಿಲ್ಲ.

ಇಂದು ಈ ಮೂರು ತಾಲೂಕುಗಳ ಹೋಟೆಲಿನಲ್ಲಿ ಜಾತಿ ಕೇಳುವವರಿಲ್ಲ, ಬಸ್ಸಿನಲ್ಲಿ ಕೇಳುವವರಿಲ್ಲ, ಶಾಲೆಯ ಬಿಸಿಯೂಟದ ಸಾಲಿನಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಕೂರುತ್ತಾರೆ. ಇದು ಸಣ್ಣ ಸಾಧನೆಯಲ್ಲ. ಆದರೆ ಮದುವೆಯ ಮಾತು ಬಂದಾಗ ಜಾತಿ ಎದ್ದು ಕೂರುತ್ತದೆ, ಜಮೀನಿನ ಲೆಕ್ಕ ತೆಗೆದಾಗ ಅದು ಇನ್ನೂ ಸ್ಪಷ್ಟವಾಗುತ್ತದೆ. ತೋಟ ಯಾರದು, ತೋಟದ ಲೈನ್ ಮನೆ ಯಾರದು ಎಂದು ಕೇಳಿದರೆ ಸಿಗುವ ಉತ್ತರ ಶತಮಾನದ ಹಿಂದಿನದಕ್ಕಿಂತ ಬಹಳ ಬೇರೆಯೇನಲ್ಲ.

ಇತಿಹಾಸ ಹೇಳುವುದಿಷ್ಟು. ಮಲೆನಾಡಿನಲ್ಲಿ ಜಾತಿಯನ್ನು ಬಯ್ದ ಭಾಷಣಗಳು ಬಹಳ ಬಂದವು, ಅವು ಬೇಕಾಗಿಯೂ ಇದ್ದವು. ಆದರೆ ಜಾತಿ ನಿಜವಾಗಿ ಸಡಿಲವಾದದ್ದು ಕೈಗೆ ಕಾಗದ ಸಿಕ್ಕವರ ಮಟ್ಟಿಗೆ ಮಾತ್ರ. ಗೇಣಿದಾರನಿಗೆ ಫಾರಂ 7 ಮಾಡಿದ ಕೆಲಸವನ್ನು ಕೂಲಿಕಾರನಿಗೆ, ಆದಿವಾಸಿಗೆ ಮಾಡುವ ಕಾಗದ ಇನ್ನೂ ಪೂರ್ತಿ ಬಂದಿಲ್ಲ. ಬಗರ್‌ಹುಕುಂ ಸಾಗುವಳಿಯ 50, 53, 57ನೇ ನಮೂನೆಯ ಅರ್ಜಿಗಳು, 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳು, ನಿವೇಶನದ ಅರ್ಜಿಗಳು ಇವೆಲ್ಲ ಆ ಸಾಲಿನ ಮುಂದುವರಿಕೆ. ಅವನ್ನು ಬರೀ ಕಂದಾಯದ ಕಡತಗಳೆಂದು ನೋಡಬಾರದು. ಸಮಾನತೆಯ ಮಾತಾಡುವ ಸಂಘಸಂಸ್ಥೆಗಳು, ಮಠಗಳು, ಜನಪ್ರತಿನಿಧಿಗಳು ತಮ್ಮ ತಾಲೂಕಿನಲ್ಲಿ ಅಂಥ ಅರ್ಜಿಗಳು ಎಷ್ಟು ಬಾಕಿ ಇವೆ, ಏಕೆ ಬಾಕಿ ಇವೆ ಎಂದು ಮೊದಲು ಕೇಳಲಿ. ಜಯಂತಿಗಳ ಮೆರವಣಿಗೆ ಆಮೇಲೆ ನಡೆದರೂ ಆದೀತು.